ಪೈಪಿನ ಮೇಲಿನ ಒಂಟಿ ಹಲ್ಲು

ನಾನು ಚಿಕ್ಕವಳಿದ್ದಾಗ ಬೇರೆ ಮಕ್ಕಳ ಅಪ್ಪಂದಿರ ಮೈಯಿಂದ ಸೋಪಿನ ವಾಸನೆಯೋ ಬೆವರಿನ ವಾಸನೆಯೋ ಬರುತ್ತಿತ್ತು. ನನ್ನ ಅಪ್ಪನ ಮೈಯಿಂದ ಮಾತ್ರ ಪರರ ಬಾಯಿಯ ವಾಸನೆ ಬರುತ್ತಿತ್ತು. ಹಳಸಿದ ತಂಬಾಕು, ಸ್ಪಿರಿಟ್, ಬಿಸಿ ಮಾಡಿದ ಮೇಣ ಮೂರೂ ಬೆರೆತ ವಾಸನೆ. ಸಂಜೆ ಅಂಗಡಿಯಿಂದ ಬಂದವರೇ ನನ್ನನ್ನು ಎತ್ತಿಕೊಳ್ಳಲು ಕೈ ಚಾಚಿದರೆ ಅಮ್ಮ ಒಳಗಿನಿಂದಲೇ ಕೂಗುತ್ತಿದ್ದಳು, "ಮೊದಲು ಅಂಗಿ ಬಿಚ್ಚಿ, ಆಮೇಲೆ ಮುದ್ದು!" ನನಗಂತೂ ಆ ಅಂಗಿಯೇ ಇಷ್ಟ. ಅದರಲ್ಲಿ ಮೂಗು ತೂರಿಸಿ, ಇವತ್ತು ಎಷ್ಟು ಜನರ ಪೈಪು ಬಂದಿತ್ತು ಎಂದು ಎಣಿಸುವ ಹಾಗೆ ನಟಿಸುತ್ತಿದ್ದೆ.

ಅಪ್ಪ ಜನ್ಮದಲ್ಲಿ ಒಂದು ದಮ್ಮು ಎಳೆದವರಲ್ಲ. ಸೇದುವವರ ಹಳೆಯ ಪೈಪುಗಳನ್ನು ಶುಚಿ ಮಾಡಿ, ಹೊಸದರ ಹಾಗೆ ಮಾಡಿ ಕೊಡುವುದು ಅವರ ಕಸುಬು. ಅವರ ನಂತರ ಅಂಗಡಿ ನನ್ನ ತಮ್ಮನಿಗೆ ಬಂತು. ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತಳಾದ ಮೇಲೆ, ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ವಾಸಿ ಎಂದು ಅಂಗಡಿಯಲ್ಲಿ ಅವನ ಎದುರಿನ ಮೇಜಿಗೆ ಕೂತೆ. ಬೀದಿಯವರು ನನ್ನನ್ನು ಲೆಕ್ಚರಮ್ಮ ಅನ್ನುತ್ತಾರೆ. ತಮ್ಮನಿಗೆ ಇಟ್ಟ ಹೆಸರು ತಕ್ಕಡಿ. ಸಾಮಾನು ತೂಗುತ್ತಾನೆಂದಲ್ಲ, ಮಾತು ತೂಗುತ್ತಾನೆಂದು. ಸತ್ಯ ಒಂದು ಗುಲಗಂಜಿ ಆಚೀಚೆ ಆದರೂ ಅವನಿಗೆ ಅಂದು ನಿದ್ದೆಯಿಲ್ಲ.

ನಮ್ಮ ಅಂಗಡಿ ದರ್ಜಿಯ ಅಂಗಡಿಗೂ ಬೀಗ ರಿಪೇರಿಯವನ ಅಂಗಡಿಗೂ ನಡುವೆ, ಪುಸ್ತಕದ ಸಾಲಿನಲ್ಲಿ ತುರುಕಿದ ತೆಳುವಾದ ಪುಸ್ತಕದ ಹಾಗಿದೆ. ಕಿಟಕಿಯ ಬೆಳಕು ಬೀಳುವ ಮೇಜು ತಮ್ಮನದು. ತಂಬಾಕು ತುಂಬುವ ಮರದ ಬಟ್ಟಲು ಅವನ ಪಾಲು. ವರ್ಷಗಟ್ಟಲೆ ಸೇದಿದರೆ ಬಟ್ಟಲೊಳಗೆ ಕಲ್ಲಿನಂಥ ಕರಿ ಕಿಟ್ಟ ಕಟ್ಟುತ್ತದೆ. ಅದನ್ನು ಪೂರ್ತಿ ಕೆರೆಯಬಾರದು, ರೂಪಾಯಿ ನಾಣ್ಯದಷ್ಟು ದಪ್ಪ ಬಿಡಬೇಕು, ಇಲ್ಲದಿದ್ದರೆ ಬೆಂಕಿ ಮರಕ್ಕೇ ಹತ್ತುತ್ತದೆ. ಕೆರೆದ ಮೇಲೆ ಬಟ್ಟಲ ತುಂಬ ಉಪ್ಪು ತುಂಬಿ, ಸ್ಪಿರಿಟ್ ಹನಿಸಿ, ಒಂದು ದಿನ ಇಡುತ್ತಾನೆ. ಮಾರನೆಯ ದಿನಕ್ಕೆ ಬೆಳ್ಳಗಿನ ಉಪ್ಪು ಕಾಫಿ ಬಣ್ಣಕ್ಕೆ ತಿರುಗಿರುತ್ತದೆ. ಸೇದಿದವನ ಪಾಪವೆಲ್ಲ ಉಪ್ಪಿಗೆ ಇಳಿಯಿತು ಅನ್ನುತ್ತಿದ್ದರು ಅಪ್ಪ.

ಬಾಯಿಗೆ ಇಟ್ಟುಕೊಳ್ಳುವ ಗಟ್ಟಿ ರಬ್ಬರಿನ ತುದಿ ನನ್ನ ಪಾಲು. ಅದು ಬಿಸಿಲಿಗೂ ಎಂಜಲಿಗೂ ಪಾಚಿಗಟ್ಟಿದ ಬಣ್ಣಕ್ಕೆ ಬಂದಿರುತ್ತದೆ. ಮೇಲೆ ಹಲ್ಲಿನ ಗುಳಿಗಳು. ಆ ರಬ್ಬರಿಗೆ ಒಂದು ಒಳ್ಳೆಯ ಗುಣವಿದೆ. ಸ್ಪಿರಿಟ್ ದೀಪದ ಮೇಲೆ ಹದವಾಗಿ ಆಡಿಸಿದರೆ, ತಾನು ಹುಟ್ಟಿದಾಗ ಹೇಗಿದ್ದೆ ಎಂಬುದು ಅದಕ್ಕೆ ನೆನಪಾಗುತ್ತದೆ. ಗುಳಿಗಳು ತಾವಾಗಿಯೇ ಮೇಲೆದ್ದು ಸಮವಾಗುತ್ತವೆ. ಉಳಿದಿದ್ದನ್ನು ಪಾಲಿಶ್ ಪೇಪರಿನಿಂದ ಉಜ್ಜಿದರೆ ಸಾಕು. ಎಂಟು ವರ್ಷದಲ್ಲಿ ಅದೆಷ್ಟು ಬಾಯಿಗಳನ್ನು ಅಳಿಸಿದ್ದೇನೋ. ಜನರ ಮುಖ ಮರೆಯುತ್ತೇನೆ, ಹಲ್ಲಿನ ಗುರುತು ಮರೆಯುವುದಿಲ್ಲ.

ಒಂದು ಸೋಮವಾರ ಬೆಳಿಗ್ಗೆ ನರ್ಸಮ್ಮ ಬಂದರು. ಆಸ್ಪತ್ರೆಯಿಂದ ನಿವೃತ್ತರಾಗಿ ಆರು ವರ್ಷವಾದರೂ ಬೀದಿಯಲ್ಲಿ ಬೀಡಿ ಹಚ್ಚಿದವರು ಇವರ ಹೆಜ್ಜೆ ಸಪ್ಪಳಕ್ಕೇ ಆರಿಸಿಬಿಡುತ್ತಿದ್ದರು. ಅವರ ಗಂಡ ನಿವೃತ್ತ ಪೋಸ್ಟ್ ಮಾಸ್ಟರು. ಹೋದ ವರ್ಷ ಶ್ವಾಸಕೋಶ ಕೆಟ್ಟು, ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು, ಯಮನ ಮನೆಯ ಬಾಗಿಲು ತಟ್ಟಿ ಬಂದವರು. ಮತ್ತೆ ಸೇದಿದರೆ ಬಾಗಿಲು ತೆರೆದೀತು ಎಂದು ಡಾಕ್ಟರು ಹೇಳಿದ್ದು ಇಡೀ ಬೀದಿಗೆ ಗೊತ್ತು. ಅಂದಿನಿಂದ ಅವರು ಪೈಪು ಸೇದಿಲ್ಲ ಎಂಬುದೂ ಗೊತ್ತು.

ನರ್ಸಮ್ಮ ಕೈಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಪೈಪನ್ನು ತೆಗೆದು ಮೇಜಿನ ಮೇಲಿಟ್ಟರು.

"ಯಜಮಾನರದ್ದು. ಶೋಕೇಸಲ್ಲಿ ಸುಮ್ನೆ ಧೂಳು ತಿಂತಾ ಇದೆ. ನೋಡೋಕಾದ್ರೂ ಚೆನ್ನಾಗಿರ್ಲಿ ಅಂತ. ಅವರು ತಮ್ಮನ ಮನೆಗೆ ಹೋಗಿದಾರೆ, ಭಾನುವಾರ ಬರ್ತಾರೆ. ಶನಿವಾರಕ್ಕೆ ಕೊಟ್ಬಿಡಿ."

ನನ್ನ ತಮ್ಮ ಪೈಪನ್ನು ಎತ್ತಿ, ಬಟ್ಟಲಿಗೆ ಮೂಗು ತಂದು, ಕಣ್ಣು ಮುಚ್ಚಿ ಮೂಸಿದ. ಬೆರಳಾಡಿಸಿದ. ಕೊಳವೆಯೊಳಗೆ ಬತ್ತಿ ತೂರಿಸಿ ಎಳೆದ. ಬತ್ತಿ ಒದ್ದೆಯಾಗಿ ಬಂತು.

"ಧೂಳು ಎಲ್ಲಿದೆ? ಇದು ಮೊನ್ನೆ ಸೇದಿದ್ದು," ಎಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನರ್ಸಮ್ಮನ ಕೈ ಸೆರಗಿನ ತುದಿಗೆ ಹೋಗಿ, ಸೆರಗು ತುಟಿಗೆ ಹೋಯಿತು. ತಮ್ಮ ನೋಡಲಿಲ್ಲ. ಅವನು ಪೈಪಿನ ಎರಡು ಭಾಗ ಬಿಡಿಸಿ, ಮರದೊಳಗೆ ಸೇರುವ ರಬ್ಬರಿನ ಮೊಳೆಯ ಮೇಲೆ ಸೂಜಿಯಿಂದ ಗೀಚಿದ ನಂಬರನ್ನು ಕನ್ನಡಕ ಏರಿಸಿ ಓದುತ್ತಿದ್ದ. ನಮ್ಮಲ್ಲಿಗೆ ಬಂದ ಪ್ರತಿ ಪೈಪಿಗೂ ಅಪ್ಪ ಒಂದು ನಂಬರು ಗೀಚುತ್ತಿದ್ದರು. "ಅಪ್ಪನ ಕಾಲದಲ್ಲಿ ಒಂದು ಸಲ ಬಂದಿದೆ," ಎನ್ನುತ್ತಾ ದಪ್ಪ ಪುಸ್ತಕದಲ್ಲಿ ಕಂಡದ್ದನ್ನೆಲ್ಲ ಬರೆದ. ಬರೆದು, ಸ್ಪಿರಿಟ್ ಮುಗಿದಿದೆ ಎಂದು ಬಾಟಲಿ ಹಿಡಿದು ಹೊರಗೆ ಹೋದ.

ನಾನು ತುದಿಯನ್ನು ಬೆಳಕಿಗೆ ಹಿಡಿದೆ. ಎಡಗಡೆ ಎರಡು ಅಗಲ ಗುಳಿ, ಇಪ್ಪತ್ತು ವರ್ಷ ಒಂದೇ ಜಾಗ ಕಚ್ಚಿದ ಗಂಡಸಿನವು. ಬಲಗಡೆ ಇನ್ನೊಂದು. ಸಣ್ಣದು, ಚೂಪು, ಹೊಸದು. ಸಾಲು ತಪ್ಪಿ ಮುಂದೆ ಬಂದ ಒಂಟಿ ಕೋರೆಹಲ್ಲಿನದು. ನಾನು ತಲೆಯೆತ್ತಿದಾಗ ನರ್ಸಮ್ಮ ಸೆರಗನ್ನು ಇನ್ನೂ ತುಟಿಯಿಂದ ತೆಗೆದಿರಲಿಲ್ಲ.

"ನರ್ಸಮ್ಮಾ," ಎಂದೆ ಮೆಲ್ಲಗೆ, "ಸೆರಗು ತೆಗೀರಿ. ನಾನು ನೋಡಿಯಾಯ್ತು."

ಅವರು ಸ್ಟೂಲಿನ ಮೇಲೆ ಕುಸಿದರು. ಆಮೇಲೆ ನಗಬೇಕೋ ಅಳಬೇಕೋ ತಿಳಿಯದವರ ಹಾಗೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು.

"ಸೇದ್ಬೇಕು ಅಂತ ಅಲ್ಲ ಅಕ್ಕಾ, ನಿಮ್ಮಾಣೆ. ಇವರು ಬಿಟ್ಟ ಮೇಲೆ ಮನೆಯಿಂದ ವಾಸನೇನೇ ಹೊರಟುಹೋಯ್ತು. ನಲವತ್ತೊಂದು ವರ್ಷ ಬೈದೆ ಆ ವಾಸನೇನ. ಹೋದ ಮೇಲೆ ಮನೆ ಬೋಳು ಬೋಳು. ಒಂದಿನ ಇವರು ವಾಕಿಂಗ್ ಹೋದಾಗ ಹಿತ್ತಲ ಮೆಟ್ಟಿಲ ಮೇಲೆ ಕೂತು, ವಾಸನೆಗೆ ಅಂತ, ಬರೀ ವಾಸನೆಗೆ ಅಂತ ಹಚ್ಚಿದೆ. ಎಳೀದೇ ಇದ್ರೆ ಆರಿಹೋಗತ್ತಲ್ಲ ಹಾಳಾದ್ದು!"

"ಅದಕ್ಕೆ ಎಳೆದ್ರಿ."

"ಆರಬಾರ್ದು ಅಂತ ಎಳೆದೆ."

"ಎಷ್ಟು ದಿನದಿಂದ ಆರಬಾರ್ದು ಅಂತ ಎಳೀತಿದೀರಿ?"

"ನಾಲ್ಕು ತಿಂಗಳು," ಎಂದರು ತಲೆ ತಗ್ಗಿಸಿ. "ಇವರು ಆಗಾಗ ಅದನ್ನ ತೆಗೆದು ಒರೆಸಿ ಇಡ್ತಾರೆ. ಈ ಹಲ್ಲಿನ ಗುರುತು ಕಣ್ಣಿಗೆ ಬಿತ್ತೋ, ಮುಗೀತು."

"ಬೈತಾರಾ?"

"ಬೈದ್ರೆ ಬೈಸ್ಕೋತಿದ್ದೆ. ಬೈಯಲ್ಲ. ನೀನೇ ಸೇದ್ತೀಯಲ್ಲ, ನಂಗ್ಯಾಕೆ ಬೇಡ ಅಂತೀಯ ಅಂತ ಅವತ್ತೇ ಶುರು ಮಾಡ್ತಾರೆ. ಅಂಥದ್ದೊಂದು ನೆಪಕ್ಕೆ ಬಾಯಿ ತೆರ್ಕೊಂಡು ಕಾಯ್ತಿದಾರೆ ಅಕ್ಕಾ. ಆ ಎದೆಗೂಡಿನ ಎಕ್ಸ್‌ರೇ ನಾನು ನೋಡಿದೀನಿ. ತಡ್ಯಲ್ಲ ಅದು." ಅವರ ದನಿ ಮೊದಲ ಬಾರಿ ಆಸ್ಪತ್ರೆಯ ದನಿಯಾಯಿತು. "ಅಳಿಸಿಬಿಡಿ. ಇನ್ನು ಮುಟ್ಟಲ್ಲ. ಆದಷ್ಟೂ ಮುಟ್ಟಲ್ಲ."

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಬೀದಿಗೆಲ್ಲ ಹೆದರಿಕೆ ಹುಟ್ಟಿಸುವ ಹೆಂಗಸು ಒಂದು ರಬ್ಬರು ತುಂಡಿಗೆ ಹೆದರಿ ಕೂತಿದ್ದಳು. ದೀಪ ಹಚ್ಚಿ ಅವರ ಎದುರಿಗೇ ಆ ಹಲ್ಲನ್ನು ಎಬ್ಬಿಸಿದೆ. ಗುಳಿ ಮೆಲ್ಲಗೆ ತುಂಬಿಕೊಂಡು ಮಾಯವಾದಾಗ ನರ್ಸಮ್ಮ, "ಅಬ್ಬಾ, ಇಷ್ಟು ಸುಲಭವಾಗಿ ಹಲ್ಲು ಸರಿ ಮಾಡೋ ಡಾಕ್ಟ್ರು ನಮ್ಮ ಆಸ್ಪತ್ರೇಲೂ ಇರ್ಲಿಲ್ಲ," ಎಂದು ಕಣ್ಣೊರೆಸಿಕೊಂಡು ಹೋದರು.

ಇಲ್ಲಿಗೆ ಮುಗಿಯಬೇಕಾಗಿತ್ತು. ಗುರುವಾರ ಪೈಪು ಸಿದ್ಧವಾಯಿತು. ಮೇಣ ಹಚ್ಚಿ ಉಜ್ಜಿದ ಮೇಲೆ ಮರದ ಗೆರೆಗಳು ಹೊಸ ನೀರು ಹರಿದ ಮರಳಿನ ಹಾಗೆ ಕಾಣುತ್ತಿದ್ದವು. ಮಧ್ಯಾಹ್ನ ತಮ್ಮ ಪೆನ್ನಿನ ಕ್ಯಾಪು ಮುಚ್ಚುತ್ತಾ ಅಂದ, "ಪೋಸ್ಟ್ ಮಾಸ್ಟರ ಕಾರ್ಡ್ ಬೆಳಿಗ್ಗೆನೇ ಹಾಕ್ಬಿಟ್ಟೆ."

ನನ್ನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. "ಯಾರ ಕಾರ್ಡು?"

"ಇನ್ಯಾರದ್ದು? ನಂಬರಿನ ಯಜಮಾನರದ್ದು."

ಇದು ಅಪ್ಪನ ಕಾಲದ ಪದ್ಧತಿ. ಪೈಪನ್ನು ಯಾರೇ ತಂದುಕೊಡಲಿ, ಕೆಲಸ ಮುಗಿದಾಗ ನಂಬರು ಯಾರ ಹೆಸರಿನಲ್ಲಿದೆಯೋ ಅವರಿಗೆ ಕಾರ್ಡು ಹೋಗಬೇಕು. ಕದ್ದ ಪೈಪು ತಂದು ಪಾಲಿಶ್ ಮಾಡಿಸಿಕೊಂಡು ಹೋದವನೊಬ್ಬನಿಂದ ಶುರುವಾದ ನಿಯಮ. ಕಾರ್ಡಿನಲ್ಲಿ ಪೈಪು ಬಂದಾಗ ಹೇಗಿತ್ತು ಎಂಬುದನ್ನು ಒಂದಕ್ಷರ ಬಿಡದೆ ಬರೆಯಬೇಕು. ಇದೂ ಅಪ್ಪನ ನಿಯಮವೇ. ಫೋನಿನ ಮಾತು ಗಾಳಿಗೆ, ಕಾರ್ಡಿನ ಮಾತು ಕಾಗದಕ್ಕೆ ಅನ್ನುತ್ತಿದ್ದರು.

"ಏನ್ ಬರ್ದೆ ಅದರಲ್ಲಿ?"

ತಮ್ಮ ಪುಸ್ತಕ ತೆರೆದು ಓದಿದ, ಪರೀಕ್ಷೆಯಲ್ಲಿ ಪೂರ್ತಿ ಅಂಕ ಬಂದವನ ದನಿಯಲ್ಲಿ. "ಬಟ್ಟಲೊಳಗಿನ ಮಸಿ ತಾಜಾ. ಕೊಳವೆ ಒದ್ದೆ. ಕೊನೆಯ ಸಲ ಸೇದಿ ಮೂರು ದಿನದ ಒಳಗೆ. ಹಲ್ಲಿನ ಗುರುತು ಇಬ್ಬರದು. ಒಂದು ಅಗಲ, ಎಡಗಡೆ, ಹಳೆಯದು. ಇನ್ನೊಂದು ಬಲಗಡೆ, ಒಂಟಿ ಹಲ್ಲು, ಚೂಪು, ಹೊಸದು."

"ಅಯ್ಯೋ ಹರಿಶ್ಚಂದ್ರನ ಮೊಮ್ಮಗನೇ! ವಿಳಾಸ?"

"ಪುಸ್ತಕದಲ್ಲಿ ಇದ್ದಿದ್ದು. ಪೋಸ್ಟ್ ಆಫೀಸ್."

ಇಪ್ಪತ್ತೆರಡು ವರ್ಷದ ಹಿಂದೆ ಅವರು ಕೊಟ್ಟಿದ್ದ ವಿಳಾಸ! ತೆರೆದ ಕಾರ್ಡು, ಅದೂ ಅವರ ಕೈಕೆಳಗೆ ಕೆಲಸ ಮಾಡಿದವರೇ ಇರುವ ಆಫೀಸಿಗೆ. ನಾನು ಚಪ್ಪಲಿ ಮೆಟ್ಟಿ, ಮಂಡಿ ನೋವನ್ನೂ ಮರೆತು, ಬೀದಿ ಕೊನೆಯ ಪೋಸ್ಟ್ ಡಬ್ಬದವರೆಗೆ ಓಡಿದೆ. ಓಡಿ ಮಾಡುವುದೇನು? ಡಬ್ಬದ ಬಾಯಿಗೆ ಕೈ ಹಾಕಲಾಗುತ್ತದೆಯೇ? ಹಾಕಿ ನೋಡಿದೆ ಅನ್ನಿ. ಮಣಿಕಟ್ಟಿನವರೆಗೆ ಹೋಯಿತು, ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಬೀಗ ರಿಪೇರಿಯವನು ಬಂದು, "ಲೆಕ್ಚರಮ್ಮ, ಕಾಗದ ಹಾಕಬೇಕು, ಕೈ ಹಾಕಬಾರ್ದು," ಎನ್ನುತ್ತಾ ಎಣ್ಣೆ ಬಿಟ್ಟು ಬಿಡಿಸಿದ. ಪುಣ್ಯಾತ್ಮ, ಯಾಕೆ ಹಾಕಿದಿರಿ ಎಂದು ಕೇಳಲಿಲ್ಲ.

ನರ್ಸಮ್ಮನ ಮನೆಗೆ ಹೋದರೆ ಬೀಗ. ಶುಕ್ರವಾರವೂ ಬೀಗ. ಯಾವುದೋ ಬಾಣಂತಿಯನ್ನು ನೋಡಿಕೊಳ್ಳಲು ಹೋಗಿದ್ದಾರೆ, ಶನಿವಾರ ಬರುತ್ತಾರೆ ಎಂದರು ಪಕ್ಕದವರು.

ಶನಿವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಕಸ ಗುಡಿಸುತ್ತಿದ್ದೆ. ಹೊಸ್ತಿಲ ಮೇಲೆ ಪಾಲಿಶ್ ಮಾಡಿದ ಎರಡು ಬೂಟುಗಳು ಬಂದು ನಿಂತವು. ಮೇಲೆ ನೋಡಿದರೆ ಪೋಸ್ಟ್ ಮಾಸ್ಟರು. ಭಾನುವಾರ ಬರಬೇಕಾಗಿದ್ದವರು ಎರಡು ದಿನ ಮೊದಲೇ ಬಂದಿದ್ದರು. ಒಂದು ಕೈಯಲ್ಲಿ ಕಾರ್ಡು.

"ನಿನ್ನೆ ಸಂಜೆ ಬಸ್ಸು ಇಳೀತಿದ್ದ ಹಾಗೇ ನಮ್ಮ ಹಳೇ ಪೋಸ್ಟ್ ಮ್ಯಾನ್ ಕೊಟ್ಟ," ಎಂದರು ಕೂರುತ್ತಾ. "ಕೊಟ್ಟು, 'ಸಾರ್, ಆ ಚೂಪು ಹಲ್ಲು ಯಾರದ್ದು?' ಅಂದ. ಆಫೀಸಲ್ಲಿ ಎಲ್ರೂ ಓದಿದಾರೆ. ಕ್ಯಾಶಿಯರ್ ಅಂತೂ ಇಲಿ ಇರಬಹುದು ಅಂತ ವಾದ ಮಾಡಿದ್ನಂತೆ."

ತಮ್ಮ ಎದ್ದು ನಿಂತ. "ಇಲಿ ಅಲ್ಲ ಸಾರ್. ಇಲಿಗೆ ಮುಂದೆ ಎರಡು ಹಲ್ಲು."

"ಸರಿ, ಹಾಗಾದ್ರೆ ಮನುಷ್ಯರದ್ದೇ." ಅವರು ಪೈಪು ಕೈಗೆ ತೆಗೆದುಕೊಂಡರು. ಹಳೆಯ ಸ್ನೇಹಿತನ ಕೆನ್ನೆ ಸವರುವ ಹಾಗೆ ಹೆಬ್ಬೆರಳಿನಿಂದ ಬಟ್ಟಲನ್ನು ಸವರಿದರು. ಬಾಯಿಗಿಟ್ಟು ಬರಿಯ ಗಾಳಿ ಎಳೆದರು. ತಡೆಯಿಲ್ಲದೆ, ಸದ್ದಿಲ್ಲದೆ ಬಂತು. ಅವರ ಕಣ್ಣುಗಳು ಮುಚ್ಚಿಕೊಂಡವು. ಆಮೇಲೆ ಕೋಟಿನ ಜೇಬಿನಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಹೊಸ ತಂಬಾಕು. ಪಕ್ಕದಲ್ಲಿ ಬೆಂಕಿಪೆಟ್ಟಿಗೆ.

"ದಾರೀಲಿ ತಗೊಂಡೆ," ಎಂದರು. "ನನ್ನ ಮನೇಲಿ, ನನ್ನ ಪೈಪಲ್ಲಿ, ಯಾರೋ ಹಾಯಾಗಿ ಸೇದ್ತಿದಾರೆ ಅಂದ್ಮೇಲೆ ನಾನೊಬ್ಬ ಯಾಕೆ ಉಪವಾಸ ಇರ್ಬೇಕು ಹೇಳಿ?"

ಪೊಟ್ಟಣ ಬಿಚ್ಚಿ, ಒಂದು ಚಿಟಿಕೆ ತೆಗೆದು, ಹೆಬ್ಬೆರಳಿನಿಂದ ಬಟ್ಟಲಿಗೆ ಒತ್ತಿದರು. ಇನ್ನೊಂದು ಚಿಟಿಕೆ. ಕೈ ಒಂದು ಚೂರೂ ಮರೆತಿರಲಿಲ್ಲ. ಹೋದ ವರ್ಷ ಅವರನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದ ನರ್ಸಮ್ಮನ ಮುಖ ನನ್ನ ಕಣ್ಣ ಮುಂದೆ ಬಂತು. ಮೂರನೆಯ ಚಿಟಿಕೆಗೆ ಅವರ ಬೆರಳು ಹೋದಾಗ ನನ್ನ ಬಾಯಿಂದ ಮಾತು ಹೊರಬಿತ್ತು.

"ನಾನು."

"ಏನು ನೀವು?"

"ಸೇದಿದ್ದು. ನಾನೇ. ಇಲ್ಲೇ ಕೂತು ಸೇದಿದೆ."

"ಅಕ್ಕಾ!" ಎಂದ ತಮ್ಮ. ಅವನ ಕನ್ನಡಕ ಮೂಗಿನ ತುದಿಗೆ ಜಾರಿತು. "ಇಲ್ಲ ಸಾರ್. ಅಕ್ಕನಿಗೆ ಊದುಬತ್ತಿ ಹೊಗೆಗೇ ಕೆಮ್ಮು ಬರತ್ತೆ."

"ನೀನು ಸುಮ್ನಿರೋ! ನೀನು ಸ್ಪಿರಿಟ್ ತರೋಕೆ ಹೋದಾಗ ಸೇದಿದೆ."

"ನಾನು ಹೋಗೋಕ್ ಮುಂಚೆನೇ ಒದ್ದೆ ಇತ್ತಲ್ಲ ಅಕ್ಕಾ. ಬರ್ದಿದೀನಿ."

ಇಂಥ ಸಾಕ್ಷಿ ಪಕ್ಕದಲ್ಲಿದ್ದರೆ ಶತ್ರು ಯಾಕೆ ಬೇಕು? ಪೋಸ್ಟ್ ಮಾಸ್ಟರು ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದರು. ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದು ಕೊನೆಯ ಸಾಲು ಓದಿದರು.

"ಲೆಕ್ಚರಮ್ಮ, ಸ್ವಲ್ಪ ನಗ್ತೀರಾ?"

ನಕ್ಕೆ. ಬೇರೆ ದಾರಿಯೇನಿತ್ತು? ನನ್ನವು ಮೂರು ವರ್ಷದ ಹಿಂದೆ ಕಟ್ಟಿಸಿದ ಹಲ್ಲುಗಳು. ಮೇಲೂ ಕೆಳಗೂ ಕವಾಯತಿಗೆ ನಿಂತ ಪೊಲೀಸರ ಹಾಗೆ ಒಂದೇ ಸಾಲು, ಒಂದೇ ಎತ್ತರ. ಅವರು ಕತ್ತು ಓರೆ ಮಾಡಿ ಅದನ್ನು ಚೆನ್ನಾಗಿ ಪರೀಕ್ಷಿಸಿದರು.

"ಬಹಳ ಚೆನ್ನಾಗಿ ಕಟ್ಟಿದಾರೆ," ಎಂದರು. "ಸರಿ. ನೀವೇ ಸೇದಿದ್ದು ಅಂತಲೇ ಇಟ್ಕೊಳ್ಳೋಣ. ಯಾಕೆ ಸೇದಿದ್ರಿ?"

ಪಾಠ ಮಾಡುವಾಗ ಉತ್ತರ ತಿಳಿಯದಿದ್ದರೂ ನಾನು ಎಂದೂ ತಡವರಿಸಿದವಳಲ್ಲ. ಅಂದೂ ತಡವರಿಸಲಿಲ್ಲ, ಯಾಕೆಂದರೆ ಉತ್ತರ ಗೊತ್ತಿತ್ತು. ಅದು ನನ್ನದಾಗಿರಲಿಲ್ಲ, ಅಷ್ಟೆ.

"ಸೇದ್ಬೇಕು ಅಂತ ಅಲ್ಲ. ವಾಸನೆಗೆ. ಜೊತೇಲಿರೋರು ಸೇದೋದು ಬಿಟ್ಟ ಮೇಲೆ ಮನೆ..." ತಮ್ಮ ಕೆಮ್ಮಿದ. "ಅಂಗಡಿ ಬೋಳು ಬೋಳು ಅನ್ನಿಸ್ತು. ಅಷ್ಟು ವರ್ಷ ಬೈದ ವಾಸನೆ, ಇಲ್ಲದೇ ಹೋದಾಗ ಬೇಕು ಅನ್ನಿಸ್ತು. ಬರೀ ಹಚ್ಚಿಡೋಣ ಅಂದ್ಕೊಂಡೆ. ಎಳೀದೇ ಇದ್ರೆ ಆರಿಹೋಗತ್ತಲ್ಲ ಹಾಳಾದ್ದು."

ಆ 'ಹಾಳಾದ್ದು' ಕೇಳಿದ ಕೂಡಲೇ ಅವರ ಹೆಬ್ಬೆರಳು ಬಟ್ಟಲಿನ ಮೇಲೆ ನಿಂತುಬಿಟ್ಟಿತು.

"ಮತ್ತೆ ಯಾಕೆ ಮುಚ್ಚಿಟ್ರಿ?"

"ಹೆದರಿಕೆಗೆ. ಗೊತ್ತಾದ್ರೆ ನೀವು ಅದೇ ನೆಪದಲ್ಲಿ ಮತ್ತೆ ಶುರು ಮಾಡ್ತೀರಿ ಅಂತ. ಎಕ್ಸ್‌ರೇ ನೋಡಿದೋರಿಗೆ ಗೊತ್ತು, ಆ ಎದೆಗೂಡು ತಡ್ಯಲ್ಲ ಅಂತ."

"ನೀವು ನನ್ನ ಎಕ್ಸ್‌ರೇ ಬೇರೆ ನೋಡಿದೀರಾ ಲೆಕ್ಚರಮ್ಮ?"

"ವಿಜ್ಞಾನ ಓದಿದೋಳು," ಎಂದೆ.

ಅವರು ನಗಲು ಶುರು ಮಾಡಿದರು. ಸದ್ದಿಲ್ಲದ ನಗು, ಭುಜ ಕುಣಿಸುವಂಥದ್ದು. ಅದು ಕೆಮ್ಮಾಯಿತು, ಕೆಮ್ಮು ದೊಡ್ಡದಾಯಿತು. ತಮ್ಮ ಓಡಿ ನೀರು ತಂದು ಬೆನ್ನು ಸವರಿದ. ಅಷ್ಟೊಂದು ಕೆಮ್ಮುವ ದೇಹ ಎಷ್ಟು ಹಗುರವಾಗಿತ್ತೆಂದು ಆಮೇಲೆ ಹೇಳಿದ. ಕೆಮ್ಮು ನಿಂತ ಮೇಲೆ ಪೋಸ್ಟ್ ಮಾಸ್ಟರು ನೀರು ಕುಡಿದು ಲೋಟ ಕೆಳಗಿಟ್ಟರು. ನಂತರ ಪೈಪನ್ನು ಪೊಟ್ಟಣದ ಮೇಲೆ ಬೋರಲು ಹಿಡಿದು, ಒಂದು ಎಳೆಯೂ ಉಳಿಯದ ಹಾಗೆ ತಂಬಾಕು ತಟ್ಟಿ ಉದುರಿಸಿದರು.

"ರಾತ್ರಿ ಅವಳು ಕೆಮ್ಮೋದು ಕೇಳಿದೀನಿ," ಎಂದರು, ನನಗಲ್ಲ, ಪೈಪಿಗೆ. "ಥಂಡಿ ಅಂತಿದ್ಲು. ನಲವತ್ತೊಂದು ವರ್ಷ ಆ ಒಂಟಿ ಹಲ್ಲಿನ ಎದುರಿಗೆ ಕೂತಿದೀನಿ ಕಣಮ್ಮ. ಕಾರ್ಡ್ ಓದೋಕೆ ಕನ್ನಡಕ ಬೇಕಾಗಿತ್ತು, ಅರ್ಥ ಮಾಡ್ಕೊಳ್ಳೋಕೆ ಬೇಕಿರ್ಲಿಲ್ಲ. ಸಿಟ್ಟು ಬಂತು. ಸುಳ್ಳು ಯಾಕೆ ಹೇಳ್ಲಿ, ಸಿಟ್ಟಿಗಿಂತ ಹೆಚ್ಚು ಖುಷಿ ಬಂತು. ಸಿಕ್ತಲ್ಲ ನೆಪ ಅಂತ." ಬೆಂಕಿಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದರು. "ಇಟ್ಕೊಳ್ಳಿ. ನಿಮ್ಮ ದೀಪಕ್ಕೆ ಬೇಕಾಗತ್ತೆ."

ಆಮೇಲೆ ತಮ್ಮನ ಕಡೆ ತಿರುಗಿದರು. "ತಕ್ಕಡಿಯವರೇ, ಇದರ ತೂತು ಮುಚ್ಚಿಕೊಡಿ."

"ಏನು ಸಾರ್?"

"ಹೊಗೆ ಬರೋ ತೂತು. ಮುಚ್ಚಿಬಿಡಿ. ಬಾಯಿಗಿಟ್ಕೊಂಡು ಕಚ್ಚೋಕಾಗ್ಬೇಕು, ಎಳೆಯೋಕಾಗಬಾರ್ದು. ನನಗೂ ಆಗಬಾರ್ದು, ಮನೇಲಿ ಇನ್ಯಾರಿಗೂ ಆಗಬಾರ್ದು."

ತಮ್ಮನ ಮುಖ ನೋಡಬೇಕಾಗಿತ್ತು. ಎರಡು ತಲೆಮಾರು ಮುಚ್ಚಿದ ತೂತು ತೆರೆಯುವುದರಲ್ಲಿಯೇ ಅನ್ನ ಕಂಡ ಮನೆತನ ನಮ್ಮದು. "ಸಾರ್, ಈ ಕೈ ತೂತು ತೆಗೆದದ್ದೇ ಹೊರತು ಮುಚ್ಚಿದ್ದಿಲ್ಲ. ನಾಲ್ಕು ದಿನ ಕೂತು ಕ್ಲೀನ್ ಮಾಡಿದೀನಿ. ದಾರ ಹಾಕಿದ್ರೆ ಸೀದಾ ಆ ಕಡೆ ಬರತ್ತೆ ನೋಡಿ!"

"ಅದಕ್ಕೇ ಹೇಳ್ತಿರೋದು. ಇಷ್ಟು ಚೆನ್ನಾಗಿ ಮಾಡಿಟ್ರೆ ಯಾರು ತಾನೇ ಸುಮ್ನಿರ್ತಾರೆ?"

ಈ ಮಾತಿಗೆ ತಮ್ಮ ಸೋತ. ಮುರಿದ ಪೈಪೊಂದರ ಮರದಿಂದ ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪದ ಬೆಣೆ ಕೆತ್ತಿದ. ಅಂಟು ಹಚ್ಚಿ, ಬಟ್ಟಲಿನ ತಳದ ತೂತಿಗೆ ಇಟ್ಟು, ಸುತ್ತಿಗೆಯಿಂದ ಮೂರು ಸಲ ಮೆಲ್ಲಗೆ ತಟ್ಟಿದ. ಪ್ರತಿ ಏಟಿಗೂ ತನ್ನದೇ ಹಲ್ಲು ಕೀಳುತ್ತಿರುವವನ ಹಾಗೆ ಮುಖ ಕಿವಿಚಿದ. ಪೋಸ್ಟ್ ಮಾಸ್ಟರು ಎಳೆದು ನೋಡಿದರು. ಕೆನ್ನೆಗಳು ಒಳಗೆ ಹೋದವು, ಗಾಳಿ ಬರಲಿಲ್ಲ. "ಭೇಷ್," ಎಂದು ಹಲ್ಲಿನ ನಡುವೆ ಕಚ್ಚಿಕೊಂಡೇ ಎದ್ದರು.

"ಮನೇಲಿ ಏನು ಹೇಳ್ತೀರಿ?" ಎಂದೆ.

"ನೀವು ಹೇಳಿದ್ದೇ. ಕಳ್ಳಿ ತಾನಾಗೇ ಒಪ್ಪಿಕೊಂಡಾಯ್ತಲ್ಲ." ಬಾಗಿಲಲ್ಲಿ ನಿಂತು ತಮ್ಮನಿಗೆ ಹೇಳಿದರು, "ನೀವು ಸುಳ್ಳು ಹೇಳೋದು ಬೇಡ. ಬಾಯಿ ಮುಚ್ಕೊಂಡಿದ್ರೆ ಸಾಕು."

ಅವರು ಹೋದ ಮೇಲೆ ತಮ್ಮ ಪುಸ್ತಕದ ಮುಂದೆ ಅರ್ಧ ಗಂಟೆ ಪೆನ್ನು ಹಿಡಿದು ಕೂತ. ಕೊನೆಗೆ ಬರೆದ. ನಾನು ಅವನ ಹೆಗಲ ಮೇಲಿಂದ ಓದಿದೆ. 'ಎರಡನೆಯ ಹಲ್ಲಿನ ಗುರುತು, ಅಕ್ಕನ ಹೇಳಿಕೆಯ ಪ್ರಕಾರ, ಅಕ್ಕನದು.' ಹೇಳಿಕೆಯ ಪ್ರಕಾರ ಎಂಬ ಪದಗಳ ಕೆಳಗೆ ಎರಡು ಗೆರೆ ಎಳೆದಿದ್ದ.

ಪೋಸ್ಟ್ ಮಾಸ್ಟರು ಮಾತು ಉಳಿಸಿಕೊಂಡರು, ಸ್ವಲ್ಪ ಹೆಚ್ಚಾಗಿಯೇ. ಮನೆಗೆ ಹೋಗುವ ದಾರಿಯಲ್ಲಿ ಟೀ ಅಂಗಡಿಯಲ್ಲಿ ಕೂತು, ಪೈಪು ಹೊರಗೆ ತೆಗೆದು, ಪೈಪು ಕ್ಲೀನ್ ಮಾಡುವ ಆ ಮುದುಕಿ ಗಿರಾಕಿಗಳ ಪೈಪನ್ನೆಲ್ಲ ಸೇದಿಬಿಡುತ್ತಾಳೆ, ಅದಕ್ಕೇ ತೂತು ಮುಚ್ಚಿಸಿದೆ ಎಂದು ಎಲ್ಲರಿಗೂ ತೋರಿಸಿದರಂತೆ. ಊರ ಬಾಯಿಗೆ ಹೊಲಿಗೆ ಹಾಕಲಾದೀತೆ? ಸಂಜೆಯ ಹೊತ್ತಿಗೆ ಪಕ್ಕದ ದರ್ಜಿಯೇ ತಲೆ ಇಣುಕಿಸಿದ.

"ಲೆಕ್ಚರಮ್ಮ, ಎರಡು ಎಳೆ ತಂಬಾಕು ಇದೆ, ಬೇಕಾ?"

"ನಿನ್ನ ಕತ್ತರಿ ಸರಿ ನಡ್ಯತ್ತಾ ನೋಡ್ಕೊ, ನಾಲಿಗೆ ನಡೆಸ್ಬೇಡ."

"ಕೋಪ ಮಾಡ್ಕೋಬೇಡಿ. ಸೇದೋರಿಗೆ ಕೋಪ ಬೇಗ ಬರತ್ತಂತೆ."

ಸೋಮವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು, ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ ಮೇಡಂ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಒಬ್ಬ ಗಿರಾಕಿ ಪೈಪು ಕೊಡುವಾಗ, ಸೇದುವುದಾದರೆ ಒಳ್ಳೆಯ ತಂಬಾಕು ಹಾಕಿ ಸೇದಿ ಎಂದು ಉದಾರವಾಗಿ ಹೇಳಿದ. ತಮ್ಮ ನನ್ನೊಡನೆ ಮಾತು ಬಿಟ್ಟಿದ್ದ. ಅಂಗಡಿಯ ಮಾನ ಹೋಯಿತು ಎಂದಲ್ಲ, ಪುಸ್ತಕದ ಮಾನ ಹೋಯಿತು ಎಂದು. ಆದರೂ ನನ್ನ ದೀಪದ ಸ್ಪಿರಿಟ್ ಮುಗಿಯುವ ಮೊದಲೇ ಬಂದು ತುಂಬಿಸಿ ಹೋಗುತ್ತಿದ್ದ.

ನನ್ನನ್ನು ಕೊರೆಯುತ್ತಿದ್ದದ್ದು ಬೇರೆ. ನರ್ಸಮ್ಮ ಅತ್ತ ಸುಳಿಯಲಿಲ್ಲ. ಭಾನುವಾರ ಎದುರಿನ ಪಕ್ಕದಲ್ಲಿ ತಲೆ ತಗ್ಗಿಸಿಕೊಂಡು ಹೋದರು. ಸೋಮವಾರವೂ ಅಷ್ಟೇ. ನಂಬಿ ಬಂದವಳ ಗುಟ್ಟನ್ನು ನಮ್ಮ ಕಾರ್ಡೇ ಬೀದಿಗೆ ತಂದಿತ್ತು. ಮನೆಯಲ್ಲಿ ಏನಾಯಿತೋ, ಅವರು ನನ್ನ ಬಗ್ಗೆ ಏನು ತಿಳಿದರೋ ಎಂದು ಕೈಯಲ್ಲಿದ್ದ ಕೆಲಸ ಎರಡು ಸಲ ತಪ್ಪಿತು. ಒಬ್ಬರ ಪೈಪಿನ ತುದಿಯನ್ನು ದೀಪದ ಮೇಲೆ ಮರೆತು, ಬಾಳೆಹಣ್ಣಿನ ಹಾಗೆ ಬಗ್ಗಿಸಿಬಿಟ್ಟೆ.

ಪೋಸ್ಟ್ ಮಾಸ್ಟರನ್ನು ಮಾತ್ರ ದಿನವೂ ನೋಡುತ್ತಿದ್ದೆ. ತೂತಿಲ್ಲದ ಪೈಪನ್ನು ಕಚ್ಚಿಕೊಂಡು, ವಾಕಿಂಗ್ ಕೋಲು ಬೀಸುತ್ತಾ, ನಮ್ಮ ಕಿಟಕಿಯ ಮುಂದೆ ನಿಂತು ಹೊಗೆ ಬಿಡುವವರ ಹಾಗೆ ಬಾಯಿ ದುಂಡಗೆ ಮಾಡಿ ನನಗೆ ತೋರಿಸಿ ಹೋಗುತ್ತಿದ್ದರು.

ಬುಧವಾರ ಮಧ್ಯಾಹ್ನ, ಅಂಗಡಿಯಲ್ಲಿ ನಾವಿಬ್ಬರೇ. ತಮ್ಮ ಬಟ್ಟಲೊಂದಕ್ಕೆ ಉಪ್ಪು ತುಂಬುತ್ತಿ‌ದ್ದ. ಬಾಗಿಲಲ್ಲಿ ನೆರಳು ಬಿತ್ತು. ನರ್ಸಮ್ಮ.

ದರ್ಜಿ ತನ್ನ ಅಂಗಡಿಯಿಂದಲೇ ಕೂಗಿದ, "ನರ್ಸಮ್ಮ, ಬೈದು ಬುದ್ಧಿ ಹೇಳಿ ಆ ಲೆಕ್ಚರಮ್ಮನಿಗೆ! ನಮ್ಮನ್ನೆಲ್ಲ ಬೈತೀರಿ, ಅವರನ್ನ ಯಾಕೆ ಬಿಟ್ಟಿದೀರಿ?"

ನರ್ಸಮ್ಮ ಒಳಗೆ ಬಂದು ಬಾಗಿಲನ್ನು ಹಿಂದಿನಿಂದ ಮುಚ್ಚಿದರು. ಕಣ್ಣು ಕೆಂಪಾಗಿತ್ತು, ನಿದ್ದೆಗೆಟ್ಟಿದ್ದೋ ಅತ್ತಿದ್ದೋ ತಿಳಿಯಲಿಲ್ಲ. ಏನೋ ಹೇಳಲು ಬಾಯಿ ತೆರೆದರು. ತಮ್ಮನನ್ನು ನೋಡಿ ಸುಮ್ಮನಾದರು. ತಮ್ಮ, ಜನ್ಮದಲ್ಲಿ ಮೊದಲ ಸಲ, ಏನನ್ನೂ ಗಮನಿಸದವನ ಹಾಗೆ ನಟಿಸಿ ಕಿಟಕಿಯ ಕಡೆ ತಿರುಗಿ ಕೂತ. ಬಹಳ ಕೆಟ್ಟ ನಟನೆ.

"ನಾಲ್ಕು ದಿನದಿಂದ ಹೇಳ್ತಾನೇ ಇದಾರೆ," ಎಂದರು ನರ್ಸಮ್ಮ ಪಿಸುದನಿಯಲ್ಲಿ. "ಆ ಲೆಕ್ಚರಮ್ಮ ಹೀಗೆ, ಆ ಲೆಕ್ಚರಮ್ಮ ಹಾಗೆ ಅಂತ. ನಾನು ಹೂಂ ಹೂಂ ಅಂತ ಕೇಳ್ತಾ ಕೂತಿದೀನಿ. ಎಲ್ಲಿ ಅಂತ ಮುಖ ಇಟ್ಕೊಳ್ಳಲಿ ಅಕ್ಕಾ."

"ಪೈಪು?"

"ಕಚ್ಕೊಂಡೇ ಇರ್ತಾರೆ. ಹಚ್ಚೋ ಹಾಗಿಲ್ಲವಲ್ಲ. ಅವರಿಗೂ ಇಲ್ಲ..."

ನರ್ಸಮ್ಮ ಕೈಚೀಲವನ್ನು ಸ್ಟೂಲಿನ ಮೇಲಿಟ್ಟು, ಒಳಗಿನಿಂದ ಟವಲಿನಲ್ಲಿ ಸುತ್ತಿದ ಊಟದ ಡಬ್ಬಿ ತೆಗೆದರು. ಮೂರು ಅಂತಸ್ತಿನದು, ಇಬ್ಬರಿಗಾಗುವಷ್ಟು. ಟವಲಿನ ಮೂಲಕವೂ ಬಿಸಿ ತಿಳಿಯುತ್ತಿತ್ತು. ನನ್ನ ಬೆರಳುಗಳಲ್ಲಿ ಮೇಣ ಮೆತ್ತಿದ್ದನ್ನು ನೋಡಿ, ಸೆರಗಿನಿಂದಲೇ ಅವನ್ನು ಒರೆಸಿ, ಡಬ್ಬಿಯನ್ನು ನನ್ನ ಎರಡೂ ಕೈಗೆ ಕೊಟ್ಟರು.